ಸ್ಟೋಯಿಕರ ಮಾತೂ ಶೋಕದ ಮನೆಯೂ

ಪಾಶ್ಚಾತ್ಯ ದೇಶಗಳ ಪ್ರಾಚೀನ ತತ್ತ್ವಜ್ಞರಲ್ಲಿ ನಮ್ಮ ವಿದ್ಯಾವಂತರ ಮನೆಗಳಿಗೆ ಸುಲಭವಾಗಿ ಪ್ರವೇಶ ಪಡೆದವರು ಸ್ಟೋಯಿಕರೆಂದು ಹೇಳಿದರೆ ತಪ್ಪಾಗಲಾರದು. ಪ್ಲೇಟೋವಿನ ಸಂವಾದಗಳನ್ನು ಓದುವುದಕ್ಕೆ ತಾಳ್ಮೆ ಬೇಕು. ಅರಿಸ್ಟಾಟಲನನ್ನು ಓದುವುದಕ್ಕೆ ಶಿಕ್ಷಣ ಬೇಕು. ಎಪಿಕ್ಟೀಟಸನ ಕೈಪಿಡಿಯನ್ನಾಗಲಿ ಮಾರ್ಕಸ್ ಔರೇಲಿಯಸ್ ಚಕ್ರವರ್ತಿಯ ಆತ್ಮಚಿಂತನೆಯನ್ನಾಗಲಿ ಯಾವ ಪುಟದಲ್ಲಿ ತೆರೆದರೂ ಓದಬಹುದು. ಓದಿದ ಒಂದು ವಾಕ್ಯವನ್ನು ದಿನವೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಬಹುದು. ಸುಭಾಷಿತಗಳಲ್ಲಿ ಪಳಗಿದ ನಮ್ಮ ಕಿವಿಗೆ ಈ ಬಗೆಯ ಬರಹ ಪರಕೀಯವಾಗಿ ಕೇಳಿಸುವುದಿಲ್ಲ. ಆದರೆ ಈ ಅನುಕೂಲದಲ್ಲಿಯೇ ಒಂದು ಅಪಾಯವೂ ಉಂಟು. ಅದನ್ನು ನಾನು ತಿಳಿದುಕೊಂಡ ಬಗೆಯನ್ನು ಮೊದಲು ಹೇಳಿಬಿಡುವುದು ಮೇಲು.

ಕೆಲವು ವರ್ಷಗಳ ಹಿಂದೆ ನನ್ನ ಮಿತ್ರರೊಬ್ಬರಿಗೆ ಪುತ್ರಶೋಕ ಪ್ರಾಪ್ತವಾಯಿತು. ಮಗುವಿಗೆ ಆರು ವರ್ಷ. ನಾನು ದೂರದ ಊರಿನಲ್ಲಿದ್ದುದರಿಂದ ಕೂಡಲೆ ಹೋಗಲಾಗದೆ ಸಮಾಧಾನದ ಕಾಗದವೊಂದನ್ನು ಬರೆದೆನು. ಆಗತಾನೆ ಎಪಿಕ್ಟೀಟಸನನ್ನು ಓದಿ ಮುಗಿಸಿದ್ದ ಉತ್ಸಾಹ ನನ್ನಲ್ಲಿದ್ದಿತು, ಮಿತ್ರರೂ ಓದಿದವರು. ಆದುದರಿಂದ ಮಗು ನಮ್ಮದಲ್ಲವೆಂದೂ, ಕೊಟ್ಟವನು ಹಿಂದಕ್ಕೆ ತೆಗೆದುಕೊಂಡನೆಂದೂ, ಮರ್ತ್ಯವಾದುದನ್ನು ಮರ್ತ್ಯವೆಂದು ಮೊದಲೇ ತಿಳಿದಿದ್ದರೆ ಶೋಕಕ್ಕೆ ಎಡೆಯಿಲ್ಲವೆಂದೂ ಆ ತತ್ತ್ವಜ್ಞನ ಅಭಿಪ್ರಾಯವನ್ನು ವಿಸ್ತಾರವಾಗಿ ಬರೆದೆನು. ಮೂರು ತಿಂಗಳವರೆಗೆ ಉತ್ತರವಿರಲಿಲ್ಲ. ಕೊನೆಗೆ ಬಂದ ಕಾರ್ಡಿನಲ್ಲಿ ಎರಡೇ ಸಾಲುಗಳಿದ್ದವು: ತಾವು ಬರೆದುದರಲ್ಲಿ ಸುಳ್ಳೇನೂ ಇಲ್ಲ, ಆದರೆ ಅದು ನಾನು ಹೇಳಿಕೊಳ್ಳಬೇಕಾದ ಮಾತೇ ಹೊರತು ತಾವು ಹೇಳಬೇಕಾದ ಮಾತಲ್ಲ.

ಆ ದಿನದಿಂದ ನನ್ನನ್ನು ಒಂದು ಪ್ರಶ್ನೆ ಬಾಧಿಸುತ್ತಲಿತ್ತು. ಸ್ಟೋಯಿಕರು ನಿಜವಾಗಿಯೂ ಕಲ್ಲೆದೆಯವರೆ? ಅಥವಾ ಅವರ ಮಾತನ್ನು ನಾನು ಎತ್ತಿಕೊಂಡ ರೀತಿಯಲ್ಲಿಯೇ ದೋಷವಿದ್ದಿತೆ? ಈ ಪ್ರಶ್ನೆಗೆ ಗ್ರಂಥಗಳನ್ನು ಮತ್ತೆ ಓದುವುದರ ಹೊರತು ಬೇರೆ ಉತ್ತರವಿಲ್ಲ. ಹಾಗೆ ಓದಿ ನನಗೆ ಕಂಡುದನ್ನು ವಾಚಕರ ಮುಂದೆ ಇಡುತ್ತೇನೆ.

ಈ ಪಂಥದ ಚರಿತ್ರೆ ಸಂಕ್ಷೇಪವಾಗಿ ಹೀಗಿದೆ. ಸೈಪ್ರಸ್ ದ್ವೀಪದ ಕಿಟಿಯಮ್ ಎಂಬ ಊರಿನ ಝೀನೋ ಎಂಬುವನು ಕ್ರಿ. ಪೂ. ೩೦೦ರ ಸುಮಾರಿನಲ್ಲಿ ಅಥೆನ್ಸ್ ನಗರದ ಚಿತ್ರಚಾವಡಿಯಲ್ಲಿ ಪಾಠ ಹೇಳತೊಡಗಿದನು. ಚಾವಡಿಗೆ ಗ್ರೀಕ್ ಭಾಷೆಯಲ್ಲಿ ಸ್ಟೋಆ ಎಂದು ಹೆಸರು. ಅದರಿಂದಲೇ ಪಂಥಕ್ಕೂ ಹೆಸರು ಬಂದಿತು. ಝೀನೋವಿನ ತರುವಾಯ ಕ್ಲಿಯಾಂಥೆಸ್, ಕ್ರಿಸಿಪ್ಪಸ್ ಎಂಬುವರು ಅದನ್ನು ಶಾಸ್ತ್ರವಾಗಿ ಬೆಳೆಸಿದರು. ಅವರ ಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿವೆ. ಸಮಗ್ರವಾಗಿಯೋ ಬಹುಭಾಗವಾಗಿಯೋ ನಮಗೆ ಉಳಿದಿರುವವು ರೋಮಕ ಸಾಮ್ರಾಜ್ಯದ ಕಾಲದ ಮೂವರ ಬರಹಗಳು. ಒಬ್ಬನು ಮಂತ್ರಿಪದವಿಗೇರಿದ ಧನಿಕ ಸೆನೆಕ. ಇನ್ನೊಬ್ಬನು ದಾಸನಾಗಿ ಬೆಳೆದ ಎಪಿಕ್ಟೀಟಸ್. ಮೂರನೆಯವನು ಚಕ್ರವರ್ತಿ ಮಾರ್ಕಸ್. ನಮ್ಮ ಅಧೀನದಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬ ವಿವೇಚನೆಯೇ ಇವರ ಬೋಧೆಯ ತಳಹದಿ. ನಮ್ಮ ತೀರ್ಮಾನ, ಇಚ್ಛೆ, ಪ್ರಯತ್ನ ಇವು ನಮ್ಮವು. ದೇಹ, ಸಂಪತ್ತು, ಕೀರ್ತಿ, ಕೊನೆಗೆ ಹೆಂಡತಿ ಮಕ್ಕಳ ಆಯುಸ್ಸು ಕೂಡ ನಮ್ಮದಲ್ಲ.

ಈ ಕೊನೆಯ ಮಾತಿನಲ್ಲಿಯೇ ತೊಡಕು. ಎಪಿಕ್ಟೀಟಸನ ಕೈಪಿಡಿಯ ಮೂರನೆಯ ಪ್ರಕರಣದಲ್ಲಿ ಒಂದು ಅಭ್ಯಾಸವನ್ನು ಹೇಳಿದೆ. ನಿನಗೆ ಪ್ರಿಯವಾದ ವಸ್ತುಗಳಲ್ಲಿ ಅತ್ಯಲ್ಪವಾದುದರಿಂದ ಆರಂಭಿಸು. ಒಂದು ಮಡಕೆಯ ಮೇಲೆ ನಿನಗೆ ಪ್ರೀತಿಯಿದ್ದರೆ ಅದು ಮಡಕೆಯೆಂದು ನೆನಪಿಟ್ಟುಕೊ. ಆಗ ಅದು ಒಡೆದರೆ ಕಳವಳಪಡಲಾರೆ. ಮಗುವನ್ನು ಮುದ್ದಿಡುವಾಗಲೂ ಹೆಂಡತಿಯನ್ನು ಮುದ್ದಿಡುವಾಗಲೂ ಮರ್ತ್ಯರನ್ನು ಮುದ್ದಿಡುತ್ತಿರುವೆನೆಂದು ತಿಳಿ. ಆಗ ಅವರು ಸತ್ತರೂ ಕಳವಳಪಡಲಾರೆ. ಅವನ ಪ್ರವಚನಗಳಲ್ಲಿ ಇದೇ ಮಾತು ಇನ್ನೂ ತೀಕ್ಷ್ಣವಾಗಿದೆ: ಮುದ್ದಿಡುವಾಗ ಮಗು ನಾಳೆ ಸಾಯುವುದೆಂದು ಮೆಲ್ಲಗೆ ಹೇಳಿಕೊಳ್ಳಬೇಕಂತೆ. ನಮ್ಮ ಮನೆಗಳಲ್ಲಿ ಯಾರಾದರೂ ಇಂಥ ಮಾತನ್ನಾಡಿದರೆ ಹಿರಿಯರು ಥಟ್ಟನೆ "ಬಿಡ್ತು ಅನ್ನು" ಎಂದು ಗದರಿಸುವರು. ಗ್ರೀಕರಲ್ಲಿಯೂ ಇದೇ ಆಕ್ಷೇಪವೆದ್ದಿತು. ಇದು ಅಶುಭದ ಮಾತಲ್ಲವೆ ಎಂದು ಕೇಳುವವನನ್ನು ಎಪಿಕ್ಟೀಟಸನೇ ಕಲ್ಪಿಸಿಕೊಂಡಿದ್ದಾನೆ. ತೆನೆಯನ್ನು ಕೊಯ್ಯುವ ಮಾತು ಅಶುಭವಲ್ಲದಿದ್ದರೆ ಇದೂ ಅಲ್ಲವೆಂಬುದು ಅವನ ಸಮಾಧಾನ.

ಮಡಕೆಯನ್ನೂ ಮಗುವನ್ನೂ ಒಂದೇ ಸಾಲಿನಲ್ಲಿಟ್ಟ ಈ ಪ್ರಕರಣವನ್ನು ಮಾತ್ರ ಓದಿದವನು ಇವನನ್ನು ನಿರ್ದಯನೆಂದರೆ ಅವನನ್ನು ದೂರುವಂತಿಲ್ಲ. ಆದರೆ ವಿಮರ್ಶಕನು ಮೊದಲು ಗಮನಿಸತಕ್ಕುದು ಗ್ರಂಥದ ಸ್ವರೂಪವನ್ನು. ಎಪಿಕ್ಟೀಟಸನು ಸ್ವತಃ ಏನನ್ನೂ ಬರೆಯಲಿಲ್ಲ. ಚಕ್ರವರ್ತಿ ಡೊಮಿಷಿಯನ್ನನು ತತ್ತ್ವಜ್ಞರನ್ನು ಹೊರದೂಡಿದಾಗ ಅವನು ಗ್ರೀಸಿನ ನಿಕೊಪೊಲಿಸ್ ಎಂಬ ಊರಿಗೆ ಹೋಗಿ ಶಾಲೆಯನ್ನು ನಡೆಸಿದನು. ಅಲ್ಲಿ ಅವನು ಆಡಿದ ಮಾತುಗಳನ್ನು ಶಿಷ್ಯನಾದ ಅರಿಯನ್ ಬರೆದಿಟ್ಟುಕೊಂಡನು. ಅವುಗಳಲ್ಲಿ ನಾಲ್ಕು ಸಂಪುಟಗಳು ಇಂದಿಗೂ ಉಳಿದಿವೆ. ಕೈಪಿಡಿಯೆಂಬುದು ಆ ಪ್ರವಚನಗಳಿಂದ ಸೋಸಿ ತೆಗೆದ ೫೩ ಸಣ್ಣ ಪ್ರಕರಣಗಳ ಸಂಗ್ರಹ. ಸೋಸುವಾಗ ಸಾರ ಉಳಿಯಿತು. ಆದರೆ ಕೇಳಿದವನ ಪ್ರಶ್ನೆ, ಗುರುವಿನ ನಗೆ, ಆ ದಿನದ ಸಂದರ್ಭ ಎಲ್ಲವೂ ಹೋದವು. ಅವುಗಳನ್ನು ಹುಡುಕಬೇಕಾದರೆ ಪ್ರವಚನಗಳಿಗೇ ಹೋಗಬೇಕು.

ಪ್ರವಚನಗಳ ಮೊದಲನೆಯ ಸಂಪುಟದ ಹನ್ನೊಂದನೆಯ ಪ್ರಸಂಗ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಒಬ್ಬ ಅಧಿಕಾರಿ ಎಪಿಕ್ಟೀಟಸನನ್ನು ಕಾಣಲು ಬರುತ್ತಾನೆ. ಸಂಸಾರ ಹೇಗಿದೆಯೆಂದು ವಿಚಾರಿಸಲು, ಮಕ್ಕಳಿಂದ ತನಗೆ ದುಃಖವೇ ಹೆಚ್ಚೆಂದು ಹೇಳಿ ನಡೆದುದನ್ನು ತಿಳಿಸುತ್ತಾನೆ. ಅವನ ಪುಟ್ಟ ಮಗಳಿಗೆ ಈಚೆಗೆ ಕಾಯಿಲೆಯಾಗಿ ಪ್ರಾಣಾಪಾಯವೆಂದು ತೋರಿತು. ಪ್ರೀತಿಯ ಮಗಳ ಆ ಅವಸ್ಥೆಯನ್ನು ನೋಡಲಾರದೆ ಅವನು ಮನೆಯನ್ನೇ ಬಿಟ್ಟು ಹೊರಟುಹೋದನು. ಗುಣವಾಯಿತೆಂದು ಸುದ್ದಿ ಬಂದ ಮೇಲೆ ಹಿಂತಿರುಗಿದನು. ಹಾಗೆ ಮಾಡಿದುದು ತಂದೆಗೆ ಸಹಜವೆಂದು ಅವನ ವಾದ.

ಇಲ್ಲಿ ಕಲ್ಲೆದೆಯ ಗುರುವಾಗಿದ್ದರೆ ಮಗು ನಿನ್ನದಲ್ಲ, ಚಿಂತಿಸಬೇಡ ಎಂದು ಹೇಳಿ ಮುಗಿಸುತ್ತಿದ್ದನು. ಎಪಿಕ್ಟೀಟಸನು ಹಾಗೆ ಹೇಳಲಿಲ್ಲ, ಪ್ರಶ್ನೆಗಳನ್ನು ಕೇಳತೊಡಗಿದನು. ತಾಯಿಗೂ ಮಗುವಿನ ಮೇಲೆ ಪ್ರೀತಿಯಿತ್ತಷ್ಟೆ. ಅವಳೂ ಬಿಟ್ಟು ಹೋಗಬೇಕಾಗಿತ್ತೆ? ಸಾಕಿದ ದಾದಿಯೂ ಹೋಗಬೇಕಾಗಿತ್ತೆ? ಹಾಗಾದರೆ ಪ್ರೀತಿಸುವವರೆಲ್ಲರೂ ತಮ್ಮ ಪ್ರೀತಿಯ ದೆಸೆಯಿಂದಲೇ ಓಡಿಹೋಗಿ, ಮಗು ಪ್ರೀತಿಯಿಲ್ಲದವರ ಕೈಯಲ್ಲಿ ಪ್ರಾಣಬಿಡಬೇಕಾಯಿತೆ? ನೀನೇ ಹಾಸಿಗೆ ಹಿಡಿದಾಗ ನಿನ್ನವರು ನಿನ್ನನ್ನು ಹೀಗೆ ಪ್ರೀತಿಸಲೆಂದು ಬಯಸುವೆಯಾ? ಅಧಿಕಾರಿಗೆ ಉತ್ತರ ತೋಚಲಿಲ್ಲ. ವಾತ್ಸಲ್ಯವು ಸಹಜವೂ ಒಳ್ಳೆಯದೂ ಆದುದೆಂಬುದನ್ನು ಇಬ್ಬರೂ ಮೊದಲೇ ಒಪ್ಪಿದ್ದರು. ಹಾಗಿದ್ದ ಮೇಲೆ ಅವನನ್ನು ಓಡಿಸಿದುದು ವಾತ್ಸಲ್ಯವಲ್ಲ. ತನ್ನ ಸಂಕಟವನ್ನು ತಾನು ತಾಳಲಾರೆನೆಂದು ಅವನು ಮಾಡಿಕೊಂಡ ತೀರ್ಮಾನ.

ಈ ಪ್ರಸಂಗವನ್ನು ಓದಿದ ಮೇಲೆ ಮಡಕೆಯ ಪ್ರಕರಣದ ಅರ್ಥ ಬೇರೆಯಾಗಿ ಕಾಣುತ್ತದೆ. ಮರ್ತ್ಯವನ್ನು ಮರ್ತ್ಯವೆಂದು ತಿಳಿಯುವುದು ಮಗುವಿನಿಂದ ದೂರ ಸರಿಯುವುದಕ್ಕಲ್ಲ. ಮಗುವಿಗೆ ಕಾಯಿಲೆಯಾದಾಗ ಅದರ ಹಾಸಿಗೆಯ ಬಳಿಯಲ್ಲಿ ಕುಳಿತಿರಬಲ್ಲ ಶಕ್ತಿಗಾಗಿ. ಭಯಪಟ್ಟವನು ಓಡುತ್ತಾನೆ, ಮೊದಲೇ ನೆನೆದು ಮನಸ್ಸನ್ನು ಗಟ್ಟಿಮಾಡಿಕೊಂಡವನು ಔಷಧವನ್ನು ಕುಡಿಸುತ್ತಾನೆ. ಈ ಗುರು ವೃದ್ಧಾಪ್ಯದಲ್ಲಿ, ಸ್ನೇಹಿತನೊಬ್ಬನು ದಾರಿದ್ರ್ಯದಿಂದ ತೊರೆಯಲಿದ್ದ ಮಗುವನ್ನು ತಾನು ತಂದು ಸಾಕಿದನೆಂದು ಆರನೆಯ ಶತಮಾನದ ವ್ಯಾಖ್ಯಾನಕಾರ ಸಿಂಪ್ಲಿಷಿಯಸ್ ತಿಳಿಸುತ್ತಾನೆ.

ಸ್ಟೋಯಿಕರ 'ಅಪಾಥೆಯಾ' ಎಂಬ ಪದವೂ ಇದೇ ರೀತಿ ಅಪಾರ್ಥಕ್ಕೆ ಗುರಿಯಾಗಿದೆ. ಅದು ಭಾವಶೂನ್ಯತೆಯಲ್ಲ. ಆಲಸ್ ಗೆಲ್ಲಿಯಸ್ ಎಂಬ ರೋಮಕ ಬರಹಗಾರನು ಹೇಳುವ ಕಥೆ ಇದಕ್ಕೆ ಸಾಕ್ಷಿ. ಗ್ರೀಸಿನಿಂದ ಇಟಲಿಗೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿತು. ಅದರಲ್ಲಿದ್ದ ಪ್ರಸಿದ್ಧ ಸ್ಟೋಯಿಕ್ ಪಂಡಿತನೊಬ್ಬನ ಮುಖ ಉಳಿದವರ ಮುಖದಂತೆಯೇ ಬಿಳಿಚಿಕೊಂಡಿತು. ಗಾಳಿ ಇಳಿದ ಮೇಲೆ ಸಹಪ್ರಯಾಣಿಕನಾದ ಧನಿಕನೊಬ್ಬನು ಅವನನ್ನು ಹಾಸ್ಯಮಾಡಿದನು. ಗೆಲ್ಲಿಯಸನು ವಿನಯದಿಂದ ಕಾರಣವನ್ನು ಕೇಳಲು ಪಂಡಿತನು ತನ್ನ ಚೀಲದಿಂದ ಎಪಿಕ್ಟೀಟಸನ ಪ್ರವಚನಗಳ ಐದನೆಯ ಸಂಪುಟವನ್ನು ತೆಗೆದು ಕೊಟ್ಟನು. ಈಗ ಲಭ್ಯವಿಲ್ಲದ ಆ ಸಂಪುಟದಲ್ಲಿ ಹೀಗೆ ವಿವರಿಸಿದ್ದಿತಂತೆ: ಮೊದಲ ಪೆಟ್ಟಿಗೆ ಮೈ ನಡುಗುವುದೂ ಮುಖ ಬಾಡುವುದೂ ಜ್ಞಾನಿಗೂ ತಪ್ಪಿದ್ದಲ್ಲ; ಅದು ನಮ್ಮ ಅಧೀನವಲ್ಲ. ಕೇಡಾಯಿತೆಂಬ ತೋರಿಕೆಗೆ ಬುದ್ಧಿ ಸಮ್ಮತಿ ಕೊಡುತ್ತದೆಯೆ ಇಲ್ಲವೆ ಎಂಬುದರಲ್ಲಿಯೇ ಜ್ಞಾನಿಗೂ ಮೂಢನಿಗೂ ಭೇದ. ಕಣ್ಣೀರಿಗೆ ಈ ಶಾಸ್ತ್ರದಲ್ಲಿ ಸ್ಥಳವಿಲ್ಲವೆನ್ನುವವರು ಈ ಕಥೆಯನ್ನು ಓದಬೇಕು.

ಇನ್ನು ಚಕ್ರವರ್ತಿಯ ವಿಷಯ. ಮಾರ್ಕಸನು ಕ್ರಿ. ಶ. ೧೨೧ರಲ್ಲಿ ಹುಟ್ಟಿ, ೧೬೧ರಲ್ಲಿ ಪಟ್ಟಕ್ಕೆ ಬಂದು, ೧೮೦ರಲ್ಲಿ ದಂಡಯಾತ್ರೆಯ ನಡುವೆ ತೀರಿಕೊಂಡನು. ಅವನಿಗೂ ಪತ್ನಿ ಫೌಸ್ಟೀನಳಿಗೂ ಹದಿಮೂರು ಹದಿನಾಲ್ಕು ಮಕ್ಕಳಾದರು. ಅರ್ಧಕ್ಕಿಂತ ಹೆಚ್ಚು ಮಂದಿ ತಂದೆಯ ಕಣ್ಣೆದುರಿಗೇ ಸತ್ತರು. ಗಂಡುಮಕ್ಕಳಲ್ಲಿ ಅವನನ್ನು ಮೀರಿ ಬದುಕಿದವನು ಕೊಮೊಡಸ್ ಒಬ್ಬನೇ. ೧೬೯ರಲ್ಲಿ ಏಳು ವರ್ಷದ ಮಗನೊಬ್ಬನು ಕಿವಿಯ ಕೆಳಗಿನ ಗಡ್ಡೆಯ ಶಸ್ತ್ರಚಿಕಿತ್ಸೆಯ ತರುವಾಯ ಸತ್ತನು. ತಂದೆ ಐದೇ ದಿನ ದುಃಖಾಚರಣೆ ಮಾಡಿ, ಚಿಕಿತ್ಸೆ ಮಾಡಿದ ವೈದ್ಯರಿಗೆ ತಾನೇ ಸಮಾಧಾನ ಹೇಳಿ ರಾಜ್ಯಕಾರ್ಯಕ್ಕೆ ಮರಳಿದನೆಂದು ಆ ಕಾಲದ ಚಕ್ರವರ್ತಿಗಳ ಚರಿತ್ರಸಂಗ್ರಹದಲ್ಲಿದೆ. ಆ ಸಂಗ್ರಹ ಬಹಳ ತಡವಾಗಿ ರಚಿತವಾದುದು, ಎಲ್ಲೆಡೆಯಲ್ಲಿಯೂ ನಂಬತಕ್ಕುದಲ್ಲ. ಆದರೂ ಅದರಲ್ಲಿರುವ ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಡಬೇಕು. ಮಾರ್ಕಸನು ತರುಣನಾಗಿದ್ದಾಗ ತನ್ನನ್ನು ಬೆಳೆಸಿದ ಶಿಕ್ಷಕನ ಮರಣಕ್ಕಾಗಿ ಅಳುತ್ತಿದ್ದನು. ಅರಮನೆಯವರು ಅವನನ್ನು ತಡೆಯಹೋದರು. ಸಾಕುತಂದೆಯಾದ ಚಕ್ರವರ್ತಿ ಆಂಟೊನೈನಸನು, ಅವನು ಮನುಷ್ಯನಾಗಿರಲಿ ಬಿಡಿ, ತತ್ತ್ವಜ್ಞಾನವಾಗಲಿ ಅಧಿಕಾರವಾಗಲಿ ಮಮತೆಯನ್ನು ಕಿತ್ತುಹಾಕುವುದಿಲ್ಲವೆಂಬ ಅರ್ಥದ ಮಾತನ್ನಾಡಿ ಅವರನ್ನು ಸುಮ್ಮನಾಗಿಸಿದನಂತೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕಾಗದಗಳಲ್ಲಿದೆ. ಮಾರ್ಕಸನಿಗೂ ಅವನ ವಾಗ್ಮಿತೆಯ ಗುರು ಫ್ರಾಂಟೋವಿಗೂ ನಡೆದ ಪತ್ರವ್ಯವಹಾರ ಶತಮಾನಗಳವರೆಗೆ ಕಾಣೆಯಾಗಿದ್ದಿತು. ಅಕ್ಷರವನ್ನು ಒರಸಿ ಮೇಲೆ ಬೇರೆ ಗ್ರಂಥವನ್ನು ಬರೆದಿದ್ದ ಚರ್ಮದ ಹಾಳೆಗಳ ಅಡಿಯಿಂದ ಅದನ್ನು ಆಂಜೆಲೊ ಮೈ ಎಂಬ ವಿದ್ವಾಂಸನು ಓದಿ ತೆಗೆದು ೧೮೧೫ರಲ್ಲಿ ಪ್ರಕಟಿಸಿದನು. ಆ ಕಾಗದಗಳಲ್ಲಿ ಮುಂದೆ ಚಕ್ರವರ್ತಿಯಾಗತಕ್ಕವನು ತನ್ನ ಪುಟ್ಟ ಮಗಳ ಭೇದಿ ನಿಂತುದನ್ನೂ, ಜ್ವರ ಬಿಟ್ಟುದನ್ನೂ, ಮೈ ಇಳಿದಿರುವುದನ್ನೂ, ಕೆಮ್ಮು ಇನ್ನೂ ಇರುವುದನ್ನೂ ಯಾವ ತಂದೆಯಾದರೂ ಬರೆಯುವಂತೆ ಬರೆದಿದ್ದಾನೆ. ಫ್ರಾಂಟೋ ತನ್ನ ಐದು ಮಕ್ಕಳನ್ನು ಒಂದೊಂದಾಗಿ ಕಳೆದುಕೊಂಡವನು. ಮೊಮ್ಮಗನು ಸತ್ತಾಗ ಅವನು ಬರೆದ ಪ್ರಲಾಪವೂ ಅಲ್ಲಿಯೇ ಇದೆ. ಉತ್ತರವಾಗಿ ಚಕ್ರವರ್ತಿ ಅವನಿಗೆ ಸ್ಟೋಯಿಕ್ ಪಾಠವನ್ನು ಒಪ್ಪಿಸಲಿಲ್ಲ. ಗುರುವಿನ ದುಃಖದಲ್ಲಿ ತಾನೂ ದುಃಖಿಯೆಂದು ಬರೆದನು.

ಇದೇ ಮನುಷ್ಯನು ಡ್ಯಾನ್ಯೂಬ್ ನದಿಯ ಗಡಿಯ ಪಾಳೆಯಗಳಲ್ಲಿ, ಒಂದು ಕಡೆ ಯುದ್ಧ ಇನ್ನೊಂದು ಕಡೆ ಸಾಂಕ್ರಾಮಿಕ ರೋಗ ಇರುವಾಗ, ಗ್ರೀಕ್ ಭಾಷೆಯಲ್ಲಿ ಹನ್ನೆರಡು ಭಾಗಗಳ ಚಿಂತನೆಯನ್ನು ಬರೆದಿಟ್ಟನು. ಅದು ಪ್ರಕಟಣೆಗಾಗಿ ಬರೆದುದಲ್ಲ. ೧೫೫೯ರಲ್ಲಿ ಜೂರಿಕ್ ನಗರದಲ್ಲಿ ಮೊದಲು ಅಚ್ಚಾಯಿತು. ಅದರ ಗ್ರೀಕ್ ಹೆಸರಿಗೆ 'ತನಗೆ ತಾನು' ಎಂದು ಅರ್ಥ. ಈ ಹೆಸರನ್ನು ಯಾರೇ ಇಟ್ಟಿರಲಿ, ಗ್ರಂಥವನ್ನು ಓದಬೇಕಾದ ಕ್ರಮವನ್ನು ಅದು ಸರಿಯಾಗಿ ಹೇಳುತ್ತದೆ. ಪುಸ್ತಕದಲ್ಲಿ ಪುನರುಕ್ತಿ ಬಹಳವೆಂದು ಕೆಲವರು ದೂರುವುದುಂಟು. ಸಾವಿನ ಮಾತು, ಕೀರ್ತಿಯ ನಶ್ವರತೆಯ ಮಾತು, ಬೆಳಿಗ್ಗೆ ಹಾಸಿಗೆ ಬಿಟ್ಟೇಳಬೇಕೆಂಬ ಮಾತು, ಸಿಟ್ಟಾಗಬಾರದೆಂಬ ಮಾತು ಮತ್ತೆ ಮತ್ತೆ ಬರುತ್ತವೆ. ಉಪದೇಶಗ್ರಂಥವಾಗಿದ್ದರೆ ಇದು ದೋಷವೇ ಸರಿ. ಆದರೆ ಒಮ್ಮೆ ಹೇಳಿಕೊಂಡುದು ನಿಲ್ಲಲಿಲ್ಲವಾದುದರಿಂದ ಮತ್ತೆ ಹೇಳಿಕೊಂಡನು. ಸಿದ್ಧಿಯಾಗಿದ್ದರೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಈ ಪುನರುಕ್ತಿಯೇ ಗ್ರಂಥದ ಪ್ರಾಮಾಣಿಕತೆಗೆ ಗುರುತು.

ಮಕ್ಕಳ ಸಾವಿನ ಪ್ರಸ್ತಾಪವೂ ಹಾಗೆಯೇ ಬರುತ್ತದೆ. ಮಗುವನ್ನು ಮುದ್ದಿಡುವಾಗ ಹೇಳಿಕೊಳ್ಳಬೇಕೆಂದ ಎಪಿಕ್ಟೀಟಸನ ಮಾತನ್ನು ಹನ್ನೊಂದನೆಯ ಭಾಗದಲ್ಲಿ ಎತ್ತಿ ಬರೆದುಕೊಂಡಿದ್ದಾನೆ. ಒಂಬತ್ತನೆಯ ಭಾಗದಲ್ಲಿ, ಇತರರು ಮಗುವನ್ನು ಕಳೆದುಕೊಳ್ಳದಿರಲೆಂದು ಪ್ರಾರ್ಥಿಸಿದರೆ ನೀನು ಕಳೆದುಕೊಳ್ಳುವ ಭಯವಿಲ್ಲದಿರಲೆಂದು ಪ್ರಾರ್ಥಿಸು ಎಂದು ತನ್ನನ್ನು ತಾನು ತಿದ್ದಿಕೊಳ್ಳುತ್ತಾನೆ. ಎಪಿಕ್ಟೀಟಸನ ಶಾಲೆಯಲ್ಲಿ ಪಾಠವಾಗಿದ್ದ ವಾಕ್ಯ ಹಲವು ಮಕ್ಕಳನ್ನು ಕಳೆದುಕೊಂಡ ಈ ತಂದೆಯ ಲೇಖನಿಯಲ್ಲಿ ಬೇರೊಂದು ಧ್ವನಿಯನ್ನು ಪಡೆಯುತ್ತದೆ. ಅದರಲ್ಲಿ ಕಾಠಿಣ್ಯ ಕಾಣುವುದಿಲ್ಲ. ಭಯಪಟ್ಟವನೇ ಹಾಗೆ ಪ್ರಾರ್ಥಿಸುವನು. ಮೊದಲನೆಯ ಭಾಗದಲ್ಲಿ ತನ್ನ ಗುರುಗಳನ್ನು ಸ್ಮರಿಸುತ್ತ, ಸೆಕ್ಸ್‌ಟಸ್ ಎಂಬುವನಿಂದ ತಾನು ಕಂಡುಕೊಂಡುದು ವಿಕಾರರಹಿತನಾಗಿದ್ದರೂ ಮಮತೆಯಿಂದ ತುಂಬಿರುವ ರೀತಿಯೆಂದು ಹೇಳಿದ್ದಾನೆ. ಎರಡೂ ಒಂದೇ ಎದೆಯಲ್ಲಿರಬಹುದೆಂಬುದೇ ಅವನ ನಂಬಿಕೆ.

ಇಷ್ಟು ಹೇಳಿದ ಮಾತ್ರಕ್ಕೆ ಸ್ಟೋಯಿಕರಲ್ಲಿ ದೋಷವೇ ಇಲ್ಲವೆನ್ನುವುದು ಪಕ್ಷಪಾತವಾದೀತು. ಎರಡು ದೋಷಗಳು ನನಗೆ ಕಾಣುತ್ತವೆ. ಮೊದಲನೆಯದು ಶಾಸ್ತ್ರದ್ದು. ಅವರು ಭಯಕ್ಕೆ ಪ್ರತಿಯಾಗಿ ಎಚ್ಚರವನ್ನೂ, ಕಾಮಕ್ಕೆ ಪ್ರತಿಯಾಗಿ ಸದಿಚ್ಛೆಯನ್ನೂ, ಸುಖಲಾಲಸೆಗೆ ಪ್ರತಿಯಾಗಿ ಹರ್ಷವನ್ನೂ ಜ್ಞಾನಿಯ ಸದ್ಭಾವಗಳೆಂದು ಎಣಿಸಿದರು. ನಾಲ್ಕನೆಯ ವಿಕಾರವಾದ ಶೋಕಕ್ಕೆ ಮಾತ್ರ ಪ್ರತಿಯಾಗಿ ಯಾವ ಸದ್ಭಾವವನ್ನೂ ಹೇಳಲಿಲ್ಲ. ಜ್ಞಾನಿಗೆ ನಿಜವಾದ ಕೇಡು ಸಂಭವಿಸುವುದೇ ಇಲ್ಲವೆಂಬ ತರ್ಕದಿಂದ ಆ ಕೋಷ್ಠಕ ಬರಿದಾಗಿ ಉಳಿಯಿತು. ತರ್ಕ ಸರಿಯಿರಬಹುದು, ಮನೆಗಳಲ್ಲಿ ಬಾಳುವ ನಮಗೆ ಆ ಬರಿಯ ಸ್ಥಳದಲ್ಲಿಯೇ ಅಗತ್ಯ ಹೆಚ್ಚು.

ಎರಡನೆಯದು ಮಾತನ್ನು ಪರರ ಮೇಲೆ ಪ್ರಯೋಗಿಸಿದುದರಿಂದ ಬಂದುದು. ಸೆನೆಕನು ಲುಸಿಲಿಯಸನಿಗೆ ಬರೆದ ೧೨೪ ಪತ್ರಗಳಲ್ಲಿ ತೊಂಬತ್ತೊಂಬತ್ತನೆಯದರೊಳಗೆ, ಹಸುಮಗನನ್ನು ಕಳೆದುಕೊಂಡ ಮರುಲ್ಲಸ್ ಎಂಬುವನಿಗೆ ತಾನು ಬರೆದ ಕಾಗದವನ್ನು ಸೇರಿಸಿದ್ದಾನೆ. ಸಮಾಧಾನಕ್ಕೆ ಬದಲು ಬೈಗುಳವೇ ನಿನಗೆ ತಕ್ಕುದೆಂದು ಅದರ ಆರಂಭ. ಅದೇ ಸೆನೆಕನು ಅರುವತ್ತಮೂರನೆಯ ಪತ್ರದಲ್ಲಿ, ಮಿತಮೀರಿ ಅಳಬಾರದೆಂದು ಹೇಳುತ್ತಿರುವ ತಾನೇ ಗೆಳೆಯ ಸೆರೀನಸನಿಗಾಗಿ ಮಿತಿಯಿಲ್ಲದೆ ಅತ್ತೆನೆಂದೂ, ತನಗಿಂತ ಕಿರಿಯನಾದ ಅವನು ಮೊದಲು ಸಾಯಬಹುದೆಂದು ತನಗೆ ಹೊಳೆದಿರಲೇ ಇಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಎರಡು ಪತ್ರಗಳಲ್ಲಿಯೂ ಸಿದ್ಧಾಂತ ಒಂದೇ. ಅಷ್ಟೇಕೆ, ತಾನಾಗಿ ಉಕ್ಕುವ ಕಣ್ಣೀರನ್ನು ಮೊದಲಿನದೂ ಕ್ಷಮಿಸುತ್ತದೆ. ಆದರೂ ಒಂದನ್ನು ಓದಿ ಬೇಸರವಾಗುತ್ತದೆ, ಇನ್ನೊಂದನ್ನು ಓದಿ ಧೈರ್ಯ ಬರುತ್ತದೆ. ಒಂದರಲ್ಲಿ ಪರರನ್ನು ದಂಡಿಸಿದ್ದಾನೆ. ಇನ್ನೊಂದರಲ್ಲಿ ತನ್ನ ಸೋಲನ್ನು ಹೇಳಿಕೊಂಡಿದ್ದಾನೆ. ಎಪಿಕ್ಟೀಟಸನ ಕೈಪಿಡಿಯ ಹದಿನಾರನೆಯ ಪ್ರಕರಣವೂ ನನಗೆ ಒಪ್ಪಿಗೆಯಲ್ಲ. ಅಳುವವನ ಜೊತೆಯಲ್ಲಿ ಮಾತಿನಿಂದ ಮರುಗು, ಬೇಕಾದರೆ ನರಳು, ಒಳಗೆ ಮಾತ್ರ ನರಳಬೇಡ ಎಂದು ಅಲ್ಲಿದೆ. ಇದು ನಟನೆಯಾಗುತ್ತದೆ. ದುಃಖದಲ್ಲಿರುವವನಿಗೆ ನಟನೆ ಬೇಗ ತಿಳಿಯುತ್ತದೆ.

ಈ ದೋಷಕ್ಕೆ ಪರಿಹಾರ ಆ ಪಂಥದೊಳಗೇ ಇದೆ. ಎರಡನೆಯ ಶತಮಾನದ ಸುಮಾರಿನ ಹಿಯರೋಕ್ಲೀಸ್ ಎಂಬ ಸ್ಟೋಯಿಕನು ಮನುಷ್ಯನ ಸಂಬಂಧಗಳನ್ನು ಒಂದರ ಹೊರಗೊಂದು ಬಳೆಯಂತಿರುವ ವರ್ತುಲಗಳಿಗೆ ಹೋಲಿಸಿದನು. ನಡುವೆ ತಾನು, ಆಮೇಲೆ ತಂದೆತಾಯಿ, ಒಡಹುಟ್ಟಿದವರು, ಹೆಂಡತಿ ಮಕ್ಕಳು, ಆಮೇಲೆ ನಂಟರು, ಊರವರು, ನಾಡವರು, ಕಟ್ಟಕಡೆಗೆ ಮನುಷ್ಯಕುಲವೆಲ್ಲ. ಹೊರಗಿನ ವರ್ತುಲದವರನ್ನು ಒಳಗಿನದಕ್ಕೆ ಸೆಳೆದುಕೊಳ್ಳುವುದೇ ಸಾಧನೆ. ಅದಕ್ಕೆ ಒಂದು ಉಪಾಯವಾಗಿ ದಾಯಾದಿಗಳನ್ನು ಸೋದರರೆಂದೂ, ತಂದೆತಾಯಿಯರ ಒಡಹುಟ್ಟಿದವರನ್ನು ತಂದೆ ತಾಯಿಯೆಂದೂ ಕರೆಯಬೇಕೆಂದನು. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂದು ಕರೆಯುತ್ತ ಬೆಳೆದ ನಮಗೆ ಈ ಪಾಠವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೀಗೆ ಸೆಳೆದುಕೊಳ್ಳುವ ಮನಸ್ಸು ಪರರ ಮಗುವಿನ ಸಾವನ್ನು ಹೊರಗೆ ನಿಂತು ನೋಡಲಾರದು.

ಇಲ್ಲಿ ಒಂದು ಮಾತು. ಸ್ಟೋಯಿಕರ ಜ್ಞಾನಿಯನ್ನು ಗೀತೆಯ ಸ್ಥಿತಪ್ರಜ್ಞನೊಡನೆ ಹೋಲಿಸುವುದು ನಮ್ಮಲ್ಲಿ ವಾಡಿಕೆ. ಹೋಲಿಕೆ ಹೊರನೋಟಕ್ಕೆ ಸರಿಯಾಗಿದೆ, ಆಧಾರ ಬೇರೆ. ಗೀತೆಯ ಸಮಾಧಾನ ಆತ್ಮನು ನಿತ್ಯನೆಂಬುದರ ಮೇಲೆ ನಿಂತಿದೆ. ಸ್ಟೋಯಿಕರಿಗೆ ಆ ಆಸರೆಯಿಲ್ಲ. ಸತ್ತ ಮೇಲೆ ಚೈತನ್ಯ ವಿಶ್ವದಲ್ಲಿ ಲಯವಾದರೂ ಆಗಲಿ, ಬಾಳಿದ ಬಾಳು ಒಳ್ಳೆಯದಾಗಿದ್ದರೆ ಸಾಕೆಂಬುದು ಅವರ ನಿಲುವು. ಅಗಲಿದವರನ್ನು ಮತ್ತೆ ಕಾಣುವೆವೆಂಬ ಭರವಸೆಯಿಲ್ಲದೆಯೇ ಧೈರ್ಯವನ್ನು ಕಟ್ಟಿಕೊಳ್ಳಬೇಕಾದುದರಿಂದ ಅವರ ಮಾತು ಅಷ್ಟು ಬಿಗಿಯಾಗಿದೆಯೆಂದು ತಿಳಿದರೆ ಆ ಬಿಗುವನ್ನು ಸಹಿಸಬಹುದು.

ಈ ಗ್ರಂಥಗಳನ್ನು ನಮ್ಮ ಮನೆಗಳಲ್ಲಿ ಓದಬೇಕು. ಆದರೆ ಓದತಕ್ಕ ಕಾಲ ಶೋಕ ಬಂದ ದಿನವಲ್ಲ, ಮನೆಯಲ್ಲಿ ಎಲ್ಲರೂ ಸೌಖ್ಯವಾಗಿರುವ ದಿನ. ಓದಿದುದನ್ನು ಹೇಳತಕ್ಕುದು ತನಗೆ, ಪಕ್ಕದ ಮನೆಯವರಿಗಲ್ಲ. ನೆನಪಿರಲಿ ಎಂದು ಮುದ್ದಿಡುವಾಗ ಹೇಳಿಕೊಂಡವನು ಆ ಮಗುವಿನೊಡನೆ ಸಿಡುಕುವ ಮೊದಲು ಒಮ್ಮೆ ತಡೆದಾನು. ಆಟಕ್ಕೆ ಕರೆದಾಗ ನಾಳೆಯೆಂದು ಸಾಗಹಾಕದೆ ಎದ್ದು ಹೋದಾನು. ಈ ಬೋಧೆಯ ಪ್ರಯೋಜನ ಮಗು ಇರುವಾಗಲೇ ದೊರೆಯತಕ್ಕುದು.

ಮಿತ್ರರ ಆ ಕಾರ್ಡು ನನ್ನ ಎಪಿಕ್ಟೀಟಸನ ಪ್ರತಿಯಲ್ಲಿ, ಮೂರನೆಯ ಪ್ರಕರಣದ ಪುಟದಲ್ಲಿಯೇ ಇದೆ. ಮುಂದಿನ ಸಲ ಅವರ ಊರಿಗೆ ಹೋದಾಗ ನಾನು ಗ್ರಂಥದ ಮಾತನ್ನೆತ್ತಲಿಲ್ಲ. ಅವರು ಮಗುವಿನ ಸ್ಲೇಟನ್ನು ತಂದು ತೋರಿಸಿದರು. ಅದರ ಮೇಲಿನ ಅಕ್ಷರಗಳನ್ನು ಅವರು ಅಳಿಸಿರಲಿಲ್ಲ. ಇಬ್ಬರೂ ಬಹಳ ಹೊತ್ತು ಅದನ್ನು ನೋಡುತ್ತ ಕುಳಿತಿದ್ದೆವು.